ಕವಿಗೋಷ್ಠಿಯಲ್ಲಿ ಚಪ್ಪಾಳೆ ಬೀಳದ ಪದ್ಯ: ಕೇಳುವವರನ್ನು ಎಷ್ಟು ಲೆಕ್ಕಕ್ಕೆ ತಗೊಳ್ಳಬೇಕು?

ಕೆಂಪುಚೀಲ:
ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಡುವಾದಾಗ ಪದ್ಯವನ್ನೂ ಬರೆಯುತ್ತೇನೆ. ಮೊನ್ನೆ ನಮ್ಮ ಕಡೆಯ ಒಂದು ಕವಿಗೋಷ್ಠಿಗೆ ಕರೆದಿದ್ದರು. ಕಾಯಿಯ ತೊಟ್ಟು ಬಿಡಿಸುವ ಹೆಂಗಸಿನ ಪದ್ಯ ಓದಿದೆ. ಮಾತಾಡುತ್ತಿರುವುದು ಅವಳು ಅಂತ ಪದ್ಯ ಎಲ್ಲೂ ಹೇಳುವುದಿಲ್ಲ. ಉರಿಯುವ ಕೈ ಇದೆ, ಅಳುವ ಕೂಸು ಇದೆ. ಕೂಸನ್ನು ಎತ್ತಿಕೊಳ್ಳಲು ತಾಯಿ ಯಾಕೆ ಹೆದರುತ್ತಾಳೆ ಅನ್ನುವುದನ್ನು ಕೇಳುವವರೇ ಜೋಡಿಸಿಕೊಳ್ಳಬೇಕು.

ಯಾರೂ ಜೋಡಿಸಿಕೊಳ್ಳಲಿಲ್ಲ. ನನ್ನ ನಂತರದವರು ಗಂಡ ಹೆಂಡತಿ ಜಗಳದ ನಾಲ್ಕು ಸಾಲು ಓದಿದರು, ‘ಒನ್ಸ್ ಮೋರ್’ ಬಿತ್ತು. ಕೆಳಗಿಳಿದ ಮೇಲೆ ಸಂಘಟಕರೊಬ್ಬರು, “ಜನಕ್ಕೆ ಮುಟ್ಟೋ ಹಂಗ ಬರಿ ತಮ್ಮಾ” ಅಂದರು. ಬ್ಯಾಡಗಿಯಲ್ಲೇ ಕೂತು ಮೆಣಸಿನಕಾಯಿ ಘಾಟು ಅರ್ಥವಾಗದಿದ್ದರೆ ಇನ್ನೆಲ್ಲಿ ಆಗಬೇಕು?

‘ತೊಟ್ಟು ಬಿಡಿಸುವವಳ ಹಾಡು’ ಅಂತ ತಲೆಬರಹ ಇಟ್ಟರೆ ಎಲ್ಲರಿಗೂ ತಿಳಿಯುತ್ತದೆ, ನಿಜ. ಆದರೆ ಆಮೇಲೆ ಪದ್ಯಕ್ಕೆ ಕೆಲಸವೇ ಉಳಿಯುವುದಿಲ್ಲ. ಬರೆಯುವಾಗ ನೀವು ಎದುರಿಗೆ ಕೂತವರನ್ನು ನೆನೆಯುತ್ತೀರಾ?

ಚುಟುಕುಪ್ರೇಮಿ:
ಎದುರಿಗೆ ಕೂತವರು ಬೆಳಿಗ್ಗೆಯಿಂದ ಸ್ವಾಗತ, ಉದ್ಘಾಟನೆ, ಅಧ್ಯಕ್ಷರ ನುಡಿ ಎಲ್ಲ ನುಂಗಿ ಕೂತಿರುತ್ತಾರೆ ಗುರುಗಳೇ. ಅಡುಗೆ ಮನೆಯಿಂದ ಸಾರಿನ ವಾಸನೆ ಬೇರೆ. ಅವರಿಗೆ ಒಂದೇ ಸಲ ಕೇಳುವ ಅವಕಾಶ, ಪುಟ ತಿರುಗಿಸಿ ನೋಡಲಾಗುವುದಿಲ್ಲ. ವೇದಿಕೆಗೆ ಒಂದು ಪದ್ಯ ಇಟ್ಟುಕೊಳ್ಳಿ, ಪತ್ರಿಕೆಗೆ ಇನ್ನೊಂದು. ನಾಲ್ಕು ಸಾಲಲ್ಲಿ ನಗಿಸುವುದೂ ಸುಮ್ನೆ ಬರುವ ವಿದ್ಯೆಯಲ್ಲ, ಅದನ್ನು ಕೀಳಾಗಿ ನೋಡಬೇಡಿ.

ಗಮಕದ ಅಜ್ಜಿ:
ತಮ್ಮಾ, ನಾನು ಊರೂರು ತಿರುಗಿ ಗಮಕದಲ್ಲಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯಲ್ಲಿ, ಕುಮಾರವ್ಯಾಸನ ಭಾರತವನ್ನು ಹಾಡಿದವಳು. ಆ ಅನುಭವದಿಂದ ಹೇಳುತ್ತೇನೆ.

ಅವನು ಓದುಗರನ್ನು ಖಂಡಿತ ನೆನೆದಿದ್ದ. ಶುರುವಿನಲ್ಲೇ ಪಟ್ಟಿ ಕೊಡುತ್ತಾನೆ. ಅರಸರಿಗೆ ಇದು ವೀರ, ದ್ವಿಜರಿಗೆ ವೇದದ ಸಾರ, ಯೋಗಿಗಳಿಗೆ ತತ್ವವಿಚಾರ, ಮಂತ್ರಿಗಳಿಗೆ ಬುದ್ಧಿ, ವಿರಹಿಗಳಿಗೆ ಶೃಂಗಾರ, ಪಂಡಿತರಿಗೆ ಅಲಂಕಾರ. ಮಾರಾಟಕ್ಕೆ ನಿಂತವನ ಮಾತಿನ ಹಾಗೇ ಇದೆ, ಅಲ್ವಾ? ಆದರೆ ಆ ಪಟ್ಟಿಯಲ್ಲಿ ಹೊಲ ಉಳುವವನಿಲ್ಲ, ರೊಟ್ಟಿ ಬಡಿಯುವವಳಿಲ್ಲ. ಮಳೆ ಹೋದಾಗ, ಮಳೆ ಬರಲಿ ಅಂತ ಅವನ ವಿರಾಟಪರ್ವ ಓದಿಸಿದ್ದು ಯಾರು? ಹಳ್ಳಿಯ ರೈತರು. ಅವನು ಹೆಸರಿಸಿದ ಅರಸರು, ಮಂತ್ರಿಗಳು ಹೋದರು, ಹೆಸರಿಸದವರು ಅವನನ್ನು ಉಳಿಸಿಕೊಂಡರು. ಯಾರು ಓದುತ್ತಾರೆ ಅನ್ನುವುದು ಅಂಥವನ ಅಂದಾಜಿಗೂ ಸಿಗಲಿಲ್ಲ, ನೋಡು.

ಇನ್ನೊಂದು ಮಾತು. ಆ ಭಾಷೆ ಕೇಳಿದ ಕೂಡಲೇ ಎಲ್ಲರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಗಮಕದಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ನಾನು ಒಂದು ಷಟ್ಪದಿ ಹಾಡಿ ನಿಲ್ಲಿಸಿದರೆ ಪಕ್ಕದವರು ಅದನ್ನು ಬಿಡಿಸಿ ಹೇಳುವರು. ಜನ ತಲೆದೂಗುತ್ತಿದ್ದುದು ಮಾತ್ರ ಎಷ್ಟೋ ಸಲ ಹಾಡು ಮುಗಿಯುವ ಮೊದಲೇ, ಬರೀ ಭಾಮಿನಿ ಷಟ್ಪದಿಯ ನಡಿಗೆಗೆ. ಅರ್ಥ ಹಿಂದಿನಿಂದ ಬರುತ್ತಿತ್ತು. ನಿನ್ನ ಪದ್ಯ ಕಿವಿಗೆ ಹೇಗಿದೆ ಅಂತ ನೀನು ಹೇಳಲೇ ಇಲ್ಲ. ತಿಳಿಯದೆ ಸುಮ್ಮನಿದ್ದರೋ, ಕಿವಿಗೆ ಹಿಡಿಸದೆ ಸುಮ್ಮನಿದ್ದರೋ? ಎರಡೂ ಒಂದೇ ಅಲ್ಲ. ತಲೆಬರಹ ಬದಲಿಸಬೇಡ. ಓದುವ ಮೊದಲು ಬಾಯಿಮಾತಿನಲ್ಲಿ ಒಂದು ವಾಕ್ಯ ಹೇಳು, ಸಾಕು.

ಕರಪತ್ರ:
ಅಜ್ಜಿಯ ಮಾತು ಚೆನ್ನಾಗಿದೆ, ಆದರೆ ವ್ಯಾಖ್ಯಾನಕಾರರು ಸಿಗದ ಜಾಗಗಳೂ ಇವೆಯಲ್ಲ? ದಲಿತ ಕವಿ ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಅಲ್ಲಿನ ಪದ್ಯಗಳನ್ನು ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಹಾಡಿದರು. ನಡೆಯುತ್ತಾ ಹಾಡುವವರ ಮಧ್ಯೆ ನಿಂತು ಅರ್ಥ ಹೇಳುವವರು ಯಾರು? ಅಲ್ಲಿ ಕವಿಗೆ ಕೇಳುವವರು ಯಾರೆಂದು ಸ್ಪಷ್ಟವಾಗಿ ಗೊತ್ತಿತ್ತು. ತನ್ನ ಕೇರಿಯವರು. ಅವರ ಬಾಯಲ್ಲಿ ಹೊರಳುವ ಮಾತನ್ನೇ ತಂದರು. ಅದರಿಂದ ಕವಿತೆ ತೆಳುವಾಗಲಿಲ್ಲ. ಪಂಡಿತರಿಗೆ ಮಾತ್ರ ಇರಿಸುಮುರಿಸಾಯಿತು. ಆಗಲಿ ಬಿಡಿ.

ಕೆಂಪುಚೀಲ ಅವರೇ, ಸಭೆಯ ಚಿಂತೆ ನನಗಿಲ್ಲ. ಆ ಪದ್ಯವನ್ನು ತೊಟ್ಟು ಬಿಡಿಸುವವರಿಗೆ ಓದಿ ತೋರಿಸಿದ್ದೀರಾ?

ಕೆಂಪುಚೀಲ:
ಇಲ್ಲ. ಆದರೆ ಅಜ್ಜಿ ಕೇಳಿದ ಮೇಲೆ ಗಟ್ಟಿಯಾಗಿ ಓದಿ ನೋಡಿದೆ. ನಡುವಿನ ಸಾಲುಗಳು ಉಸಿರಿಗೆ ನಿಲ್ಲುವುದಿಲ್ಲ, ಒಡೆಯಬೇಕು. ತಲೆಬರಹ ಇದ್ದ ಹಾಗೇ ಇರಲಿ.

ಕರಪತ್ರ ಅವರಿಗೆ: ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯ ಮುಂದೆ ಕೂತಿದ್ದವರಿಗೆ ಓದಿದೆ. ಕೂಸಿನ ಸಾಲು ಮುಗಿಯುವ ಮೊದಲೇ ಒಬ್ಬಳು, “ಕೈಗೆ ಎಣ್ಣಿ ಹಚ್ಕೊಂಡು ಎತ್ಕೋಬೇಕು, ಅಕೀಗೆ ಗೊತ್ತಿಲ್ಲೇನು?” ಅಂದಳು. ಪದ್ಯದ ಒಗಟು ಅವರಿಗೆ ಒಗಟೇ ಅಲ್ಲ! ಇನ್ನೊಬ್ಬಳು ಕೇಳಿದ್ದು ಬೇರೆ: “ಇದರಾಗ ಕೂಲಿ ಎಲ್ಲೈತಿ? ಕಿಲೋಕ್ಕ ಎಷ್ಟು ಕೊಡ್ತೀರಿ ಅನ್ನೋದು ಬರೀಲಿಲ್ಲಲ್ರೀ?” ಕೂಲಿಯ ಲೆಕ್ಕ ಬರೆಯುವವನು ನಾನೇ. ಎಣ್ಣೆಯ ಸಾಲು ಸೇರಿಸುತ್ತೇನೆ. ಕೂಲಿಯ ಸಾಲು ಬರೆದರೆ ಸಾಹುಕಾರರೂ ನನ್ನ ಓದುಗರಾಗಿಬಿಡುತ್ತಾರೆ, ಅದನ್ನು ಏನು ಮಾಡಲಿ ಹೇಳಿ.