‘ಯುನೀಕ್’ ನಮೂದು: ಅನನ್ಯವೋ, ಬೇರೆ ಬೇರೆಯೋ, ಒಂಟಿಯೋ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನ ಒಂದು ಗುಂಡಿಯ ಮೇಲೆ ಬರೆಯಬೇಕಾದ ಮೂರು ಪದಗಳು ಎರಡು ವಾರದಿಂದ ನನ್ನನ್ನು ಕಾಡುತ್ತಿವೆ. ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಲು ಈ ಪತ್ರ.

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಬೇಸಾಯದ ಪದಗಳನ್ನು ನಾವು ನಾಲ್ಕೈದು ಜನ ಬಿಡುವಿದ್ದಾಗ ಕಲೆಹಾಕುತ್ತಿದ್ದೇವೆ. ಎಲ್ಲವೂ ಒಂದು ಎಕ್ಸೆಲ್ ಹಾಳೆಯಲ್ಲಿವೆ. ಮೊದಲ ಕಾಲಂನಲ್ಲಿ ಪದ, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ ಆ ಪದವನ್ನು ಕೇಳಿದ ಊರು. ಒಂದೊಂದು ಊರಿನಲ್ಲೂ ಹತ್ತಾರು ಪದ ಸಿಕ್ಕಿರುವುದರಿಂದ ಮೂರನೆಯ ಕಾಲಂನಲ್ಲಿ ಅವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪ್ರತಿ ಊರಿನ ಹೆಸರನ್ನೂ ಒಂದೇ ಸಲ ಬರೆದು ಪಕ್ಕದ ಹಾಳೆಯಲ್ಲಿ ಪಟ್ಟಿ ಮಾಡಿಕೊಡುವ ಪುಟ್ಟ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ, ಬರೆದೆ. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಯುನೀಕ್ ವ್ಯಾಲ್ಯೂ’ ಎನ್ನುತ್ತಾರೆಂದು ಗುಂಡಿಯ ಮೇಲೆ ‘ಅನನ್ಯ ಮೌಲ್ಯಗಳನ್ನು ತೆಗೆ’ ಎಂದು ಬರೆದೆ.

ನಮ್ಮ ತಂಡದ ಹಿರಿಯರೊಬ್ಬರು, ನಿವೃತ್ತ ಕನ್ನಡ ಮೇಷ್ಟ್ರು, ಆ ಗುಂಡಿಯನ್ನು ಒತ್ತಲೇ ಇಲ್ಲ. ಏಕೆಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: “ಊರಿನ ಹೆಸರಿಗೆ ಮೌಲ್ಯ ಎಲ್ಲಿಂದ ಬಂತು? ಬಾಣಾವರ ಅನನ್ಯವಾದರೆ ಜಾವಗಲ್ ಅಲ್ಲವೇ? ಇನ್ನು ತೆಗೆ ಎಂದರೆ ಇಡೀ ಕಾಲಂ ಅಳಿಸಿಹೋದರೆ ಗತಿಯೇನು?” ಮೂರು ಪದ, ಮೂರು ಆಕ್ಷೇಪ. ಮೂರೂ ನ್ಯಾಯವೇ.

‘ತೆಗೆ’ಯ ವಿಚಾರ ಬೇಗ ಮುಗಿಯಿತು. ಪೆಟ್ಟಿಗೆಯಿಂದ ಸೀರೆ ತೆಗೆಯುತ್ತೇವೆ, ಹೊಲದಿಂದ ಕಳೆ ತೆಗೆಯುತ್ತೇವೆ. ಮೊದಲನೆಯದು ಬೇಕಾದ್ದನ್ನು ಹೊರಗೆ ತರುವುದು, ಎರಡನೆಯದು ಬೇಡವಾದ್ದನ್ನು ಕಿತ್ತೆಸೆಯುವುದು. ಎಕ್ಸೆಲ್‌ನಲ್ಲಿ 2007ರ ಆವೃತ್ತಿಯಿಂದ ‘ರಿಮೂವ್ ಡೂಪ್ಲಿಕೇಟ್ಸ್’ ಎಂಬ ಆದೇಶವಿದೆ. ಅದು ಮತ್ತೆ ಮತ್ತೆ ಬಂದ ಸಾಲುಗಳನ್ನು ನಿಜವಾಗಿಯೂ ಅಳಿಸುತ್ತದೆ. ನನ್ನ ಮ್ಯಾಕ್ರೋ ಮೂಲ ಕಾಲಂ ಮುಟ್ಟುವುದಿಲ್ಲ. ಎರಡಕ್ಕೂ ‘ತೆಗೆ’ ಎಂದರೆ ಒತ್ತುವವರ ಕೈ ನಡುಗುವುದು ಸಹಜ. ‘ಹೆಕ್ಕು’, ‘ಆಯ್ದುಕೊ’, ‘ಆರಿಸು’ ಎಲ್ಲವನ್ನೂ ಇಟ್ಟು ನೋಡಿದೆ. ‘ಹೆಕ್ಕು’ ನನಗೆ ತುಂಬ ಇಷ್ಟವಾದ ಪದ, ಕಾಳು ಕಾಳಾಗಿ ಎತ್ತಿಕೊಳ್ಳುವ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ‘ಆಯ್ದ’, ‘ಆರಿಸಿದ’ ಎಂದಕೂಡಲೇ ಗುಣ ನೋಡಿ ಆರಿಸಿದ್ದು ಎಂಬ ಧ್ವನಿ ಸೇರಿಕೊಳ್ಳುತ್ತದೆ. ಇಲ್ಲಿ ಗುಣದ ಮಾತಿಲ್ಲ. ಕೊನೆಗೆ ‘ಪಟ್ಟಿ ಮಾಡು’ ಎಂದು ಇಟ್ಟಿದ್ದೇನೆ. ಒತ್ತಿದರೆ ಏನಾಗುತ್ತದೆ ಎಂಬುದನ್ನು ಅದು ನೇರವಾಗಿ ಹೇಳುತ್ತದೆ.

‘ಮೌಲ್ಯ’ವನ್ನೂ ಬಿಟ್ಟುಕೊಟ್ಟೆ. ಗಣಿತದ ಪಾಠದಲ್ಲಿ ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ’ ಎನ್ನುತ್ತೇವೆ, ಅಲ್ಲಿ ಉತ್ತರ ಸಂಖ್ಯೆಯಾದ್ದರಿಂದ ‘ಬೆಲೆ’ ಒಪ್ಪುತ್ತದೆ. ಹಾಳೆಯ ಮನೆಯಲ್ಲಿ, ಅಂದರೆ ಒಂದೊಂದು ಚೌಕದಲ್ಲಿ, ಸಂಖ್ಯೆಯೂ ಇರಬಹುದು, ಊರೂ ಇರಬಹುದು, ತಾರೀಕೂ ಇರಬಹುದು. ನಮ್ಮ ಕಚೇರಿಗಳಲ್ಲಿ ಇದಕ್ಕೆ ಸೊಗಸಾದ ಪದ ಆಗಲೇ ಇದೆ: ನಮೂದು. ಪಹಣಿಯ 9ನೇ ಕಾಲಂನಲ್ಲಿ ಭೂಮಿಯ ಒಡೆಯನ ಹೆಸರು ‘ನಮೂದಾಗಿರುತ್ತದೆ’. ರೈತನಿಗೂ ಗೊತ್ತು, ಗುಮಾಸ್ತನಿಗೂ ಗೊತ್ತು. ಕಾಲಂ ಎಂಬ ಪದವನ್ನೂ ಇದೇ ಕಾರಣಕ್ಕೆ ಹಾಗೆಯೇ ಉಳಿಸಿಕೊಂಡೆ. ಕಂಬಸಾಲು, ಲಂಬಸಾಲು ಎರಡೂ ಒಳ್ಳೆಯ ಪದಗಳೇ, ಆದರೆ ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ಹೋದವರಿಗೆ ಕಾಲಂ ಅಷ್ಟೇ ಕನ್ನಡ.

ಉಳಿದದ್ದು ‘ಅನನ್ಯ’. ನಿಜವಾದ ತೊಡಕು ಇಲ್ಲಿಯೇ.

ಅನನ್ಯ ಎಂದರೆ ಇನ್ನೊಂದು ಇಲ್ಲದ್ದು. ‘ಅನನ್ಯ ಭಕ್ತಿ’ಯಲ್ಲಿ ಮತ್ತೊಬ್ಬ ದೈವಕ್ಕೆ ಎಡೆಯಿಲ್ಲ, ಸಮೀಕರಣದ ‘ಅನನ್ಯ ಪರಿಹಾರ’ದಲ್ಲಿ ಮತ್ತೊಂದು ಉತ್ತರವಿಲ್ಲ. ‘ವಿಶಿಷ್ಟ’ ಇನ್ನೂ ದೂರ. ಆಧಾರ್‌ನ ‘ವಿಶಿಷ್ಟ ಗುರುತು’ ಸರಿ, ಒಂದು ಸಂಖ್ಯೆ ಒಬ್ಬರಿಗೆ ಮಾತ್ರ. ಆದರೆ ನನ್ನ ಕಾಲಂನಲ್ಲಿ ಬಾಣಾವರ ನೂರು ಸಲ ಬಂದಿರುತ್ತದೆ. ನೂರು ಸಲ ಬಂದದ್ದನ್ನು ಅನನ್ಯ ಎನ್ನುವುದು ಹೇಗೆ? ಒಂದು ತುಣುಕನ್ನು ಇಲ್ಲಿಯೇ ಬರೆದು ತೋರಿಸುತ್ತೇನೆ. ಕಾಲಂನ ಆರು ಸಾಲು ಹೀಗಿವೆ ಎಂದುಕೊಳ್ಳಿ:

ಬಾಣಾವರ
ಜಾವಗಲ್
ಬಾಣಾವರ
ಗಂಡಸಿ
ಜಾವಗಲ್
ಬಾಣಾವರ

ಇಲ್ಲಿ ‘ಯುನೀಕ್’ ಯಾವುವು? ಬಾಣಾವರ, ಜಾವಗಲ್, ಗಂಡಸಿ ಎಂಬ ಮೂರು ಎಂದರೂ ಸರಿ, ಗಂಡಸಿ ಒಂದೇ ಎಂದರೂ ಸರಿ. ಎಕ್ಸೆಲ್ ತಾನೇ ಎರಡು ಅರ್ಥದಲ್ಲಿಯೂ ಈ ಪದ ಬಳಸುತ್ತದೆ. ಸಾಲುಗಳನ್ನು ಸೋಸುವ ‘ಅಡ್ವಾನ್ಸ್ಡ್ ಫಿಲ್ಟರ್’ನಲ್ಲಿ ‘ಯುನೀಕ್ ರೆಕಾರ್ಡ್ಸ್ ಓನ್ಲಿ’ ಎಂದು ಗುರುತು ಹಾಕಿದರೆ ಮೂರೂ ಬರುತ್ತವೆ. ಮನೆಗಳಿಗೆ ಬಣ್ಣ ಹಾಕುವ ‘ಕಂಡಿಷನಲ್ ಫಾರ್ಮ್ಯಾಟಿಂಗ್’ನಲ್ಲಿ ‘ಯುನೀಕ್’ ಆರಿಸಿದರೆ ಬಣ್ಣ ಬೀಳುವುದು ಗಂಡಸಿಗೆ ಮಾತ್ರ. ಇತ್ತೀಚಿನ ‘ಯುನೀಕ್’ ಸೂತ್ರ ಮೂರು ಹೆಸರನ್ನೂ ಕೊಡುತ್ತದೆ, ಆದರೆ ಅದರ ಮೂರನೆಯ ಆಯ್ಕೆಯಲ್ಲಿ ‘ಟ್ರೂ’ ಎಂದು ಬರೆದರೆ ಗಂಡಸಿಯನ್ನಷ್ಟೇ ಕೊಡುತ್ತದೆ. ಮಾಹಿತಿಯನ್ನು ಹಸನು ಮಾಡಲು ಎಕ್ಸೆಲ್‌ನಲ್ಲೇ ಇರುವ ‘ಪವರ್ ಕ್ವೆರಿ’ ಎಂಬ ಸಾಧನವನ್ನು ಬರೆದವರಿಗೆ ಈ ಗೊಂದಲ ಗೊತ್ತಿತ್ತು ಎಂದು ತೋರುತ್ತದೆ. ಅಲ್ಲಿ ಕಾಲಂನ ತಲೆಯಲ್ಲಿ ‘ಡಿಸ್ಟಿಂಕ್ಟ್’ (ಬೇರೆ ಬೇರೆಯಾದವು) ಇಷ್ಟು, ‘ಯುನೀಕ್’ (ಒಂದೇ ಸಲ ಬಂದವು) ಇಷ್ಟು ಎಂದು ಎರಡು ಲೆಕ್ಕ ಬೇರೆ ಬೇರೆಯಾಗಿ ಕಾಣುತ್ತವೆ. ಮೂಲ ಭಾಷೆಯೇ ತಡವರಿಸಿರುವ ಕಡೆ ಅದರ ಒಂದು ಪದಕ್ಕೆ ಒಂದು ಸಂಸ್ಕೃತ ಪದ ಜೋಡಿಸಿ ಮುಗಿಸಿದರೆ ಅದೇ ತಡವರಿಕೆಯನ್ನು ನಾವೂ ಹೊತ್ತುಕೊಂಡಂತೆ.

ನಮಗೆ ಎರಡೂ ಅರ್ಥ ಬೇಕು. ಮೊದಲನೆಯದು, ಯಾವ ಊರುಗಳಿಗೆ ಹೋಗಿ ಬಂದಿದ್ದೇವೆ ಎಂದು ತಿಳಿಯಲು. ಎರಡನೆಯದು, ಯಾವ ಊರಿನಿಂದ ಒಂದೇ ಒಂದು ಪದ ಬಂದಿದೆ ಎಂದು ತಿಳಿಯಲು, ಏಕೆಂದರೆ ಅಲ್ಲಿಗೆ ನಾವು ಇನ್ನೊಮ್ಮೆ ಹೋಗಬೇಕು. ಎರಡನೆಯದಕ್ಕೆ ‘ಒಂಟಿ ನಮೂದು’ ಎಂದು ಬರೆದಿದ್ದೇನೆ. ಒಂಟಿ ಮನೆ, ಒಂಟಿ ಎತ್ತು, ಒಂಟಿ ಸಲಗ ಎಂಬಲ್ಲೆಲ್ಲ ಜೊತೆ ಇಲ್ಲದ್ದು ಎಂಬ ಅರ್ಥ ಎಷ್ಟು ಖಚಿತವಾಗಿದೆ! ‘ಬಿಡಿ’ಯನ್ನೂ ಯೋಚಿಸಿದ್ದೆ. ಆದರೆ ಬಿಡಿ ಹೂವು ಎಂದರೆ ಕಟ್ಟದ ಹೂವು, ಅದು ಒಂದೇ ಇರಬೇಕೆಂದಿಲ್ಲ.

ಮೊದಲನೆಯದಕ್ಕೆ ಪದ ಹುಡುಕುವಾಗ ಮ್ಯಾಕ್ರೋ ಕೆಲಸ ಮಾಡುವ ಬಗೆಯೇ ನನಗೆ ದಾರಿ ತೋರಿಸೀತೇ ಎಂದು ನೋಡಿದೆ. ಪದಗಳ ಒಲವಿರುವ ಈ ಬಳಗದವರಿಗೆ ಇದು ಇಷ್ಟವಾಗುತ್ತದೆ: ಅದರಲ್ಲಿ ಬಳಸುವ ಸಾಧನದ ಹೆಸರೇ ‘ಡಿಕ್ಷನರಿ’, ಅಂದರೆ ನಿಘಂಟು. ಮ್ಯಾಕ್ರೋ ಮೊದಲು ಒಂದು ಖಾಲಿ ನಿಘಂಟನ್ನು ತೆರೆಯುತ್ತದೆ. ಕಾಲಂನ ಒಂದೊಂದೇ ಮನೆಯನ್ನು ಓದುತ್ತ ‘ಇದು ನಿಘಂಟಿನಲ್ಲಿ ಇದೆಯೇ’ ಎಂದು ಕೇಳುತ್ತದೆ. ಇಲ್ಲದಿದ್ದರೆ ಸೇರಿಸುತ್ತದೆ, ಇದ್ದರೆ ಎದುರಿನ ಎಣಿಕೆಯನ್ನು ಒಂದು ಹೆಚ್ಚಿಸಿ ಮುಂದೆ ಹೋಗುತ್ತದೆ. ಕೊನೆಯಲ್ಲಿ ನಿಘಂಟಿನ ಮುಖ್ಯೋಲ್ಲೇಖಗಳನ್ನಷ್ಟೇ, ಅಂದರೆ ಎಣಿಕೆ ಬಿಟ್ಟು ಸೇರಿಸಿದ ಹೆಸರುಗಳನ್ನಷ್ಟೇ, ಇನ್ನೊಂದು ಹಾಳೆಗೆ ಸುರಿಯುತ್ತದೆ. ಎಣಿಕೆ ಒಂದೇ ಇರುವವು ಒಂಟಿಗಳು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಂಥ ಕೆಲಸಗಳಲ್ಲಿ ಪ್ರಯೋಗಗಳ ಚೀಟಿಗಳನ್ನು ಜೋಡಿಸಿ ಒಂದು ಪದಕ್ಕೆ ಒಂದು ಉಲ್ಲೇಖವೆಂದು ಮಾಡಿದವರು ಕೈಯಿಂದ ಮಾಡಿದ್ದೂ ಇದನ್ನೇ. ಆದರೆ ಅವರು ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ತಿಳಿ ಎಂಬ ಅರ್ಥದ ‘ಅರಿ’, ಕತ್ತರಿಸು ಎಂಬ ಅರ್ಥದ ‘ಅರಿ’, ಶತ್ರು ಎಂಬ ಅರ್ಥದ ‘ಅರಿ’ ಇವು ಮೂರನ್ನೂ ಬೇರೆ ಬೇರೆ ಉಲ್ಲೇಖಗಳಾಗಿ ಇಡುತ್ತಿದ್ದರು. ಮ್ಯಾಕ್ರೋದ ನಿಘಂಟಿಗೆ ಆ ವಿವೇಕವಿಲ್ಲ. ಹೊಸಹಳ್ಳಿ ಎಂಬ ಹೆಸರಿನ ಊರು ಒಂದೊಂದು ತಾಲ್ಲೂಕಿನಲ್ಲೂ ಇರಬಹುದು, ಅದಕ್ಕೆ ಎಲ್ಲವೂ ಒಂದೇ. ಹಾಗಾಗಿ ಪಟ್ಟಿಗೆ ‘ಬೇರೆ ಬೇರೆ ಊರುಗಳು’ ಎಂಬ ತಲೆಬರಹ ಕೊಡಲಾಗದು. ಬೇರೆಯಾಗಿರುವುದು ಊರಲ್ಲ, ಬರೆದ ಹೆಸರು. ‘ನಮೂದು’ ಎಂಬ ಪದವನ್ನು ನಾನು ಬಿಡದಿರಲು ಇದು ಇನ್ನೊಂದು ಕಾರಣ.

ಇದರ ತಿರುಗುಮುರುಗು ತೊಂದರೆಯೂ ಉಂಟು. ಪಟ್ಟಿಯಲ್ಲಿ ಹಳೇಬೀಡು ಎರಡು ಸಲ ಬಂತು. ಕಣ್ಣಿಗೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಹಿಂದೆ ಮುಂದೆ ಖಾಲಿ ಜಾಗವೂ ಇರಲಿಲ್ಲ. ಅಕ್ಷರ ಅಕ್ಷರವಾಗಿ ಬಿಡಿಸಿ ನೋಡಿದಾಗ ಗುಟ್ಟು ತಿಳಿಯಿತು. ಕಂಪ್ಯೂಟರಿನಲ್ಲಿ ಅಕ್ಷರ, ಚಿಹ್ನೆಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಳೇ’ಯ ಏತ್ವಕ್ಕೆ ಒಂದೇ ಸಂಕೇತವಿದೆ. ಎತ್ವ ಬರೆದು ಅದರ ಮುಂದೆ ದೀರ್ಘದ ಚಿಹ್ನೆಯನ್ನು ಪ್ರತ್ಯೇಕವಾಗಿ ಇಟ್ಟರೂ ಅದೇ ರೂಪ ಮೂಡುತ್ತದೆ, ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದಂತೆಯೇ. ‘ಬೀ’ಯ ಗುಡಿಸಿನ ದೀರ್ಘಕ್ಕೂ ಹೀಗೆಯೇ ಎರಡು ದಾರಿ. ಅಲ್ಲಿಗೆ ಹಳೇಬೀಡು ಎಂಬ ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು, ನಾಲ್ಕೂ ಯಂತ್ರಕ್ಕೆ ಬೇರೆ. ಈಗ ಮ್ಯಾಕ್ರೋ ನಿಘಂಟಿಗೆ ಸೇರಿಸುವ ಮೊದಲು ಬಿಡಿಸಿ ಬರೆದ ಗುಣಿತಗಳನ್ನೆಲ್ಲ ಒಂದೇ ಸಂಕೇತಕ್ಕೆ ತಂದುಕೊಳ್ಳುತ್ತದೆ. ಆದರೂ ‘ಹಳೆಬೀಡು’ ಎಂದು ಹ್ರಸ್ವವಾಗಿ ಬರೆದವರದು ಬೇರೆಯಾಗಿಯೇ ಉಳಿಯುತ್ತದೆ, ಅದನ್ನು ನಾವೇ ಕುಳಿತು ತಿದ್ದಬೇಕು.

ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇನ್ನೂ ಎಚ್ಚರದಿಂದಿರಿ. ಅಲ್ಲಿ ಕನ್ನಡದ ‘ಚ’ ಒಳಗೆ ದೊಡ್ಡ ಜೆಡ್ ಆಗಿಯೂ ‘ದ’ ಸಣ್ಣ ಜೆಡ್ ಆಗಿಯೂ ಕೂತಿರುತ್ತವೆ. ‘ಗೆ’ ಮತ್ತು ‘ಣೆ’ಗಳಲ್ಲಿ ದೊಡ್ಡ ಯು, ಸಣ್ಣ ಯು. ‘ರಿಮೂವ್ ಡೂಪ್ಲಿಕೇಟ್ಸ್’ ಆದೇಶ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಎಂದು ಎಣಿಸುತ್ತದೆ. ‘ಚರ’ ಎಂಬ ಸಾಲಿನ ಕೆಳಗೆ ‘ದರ’ ಎಂಬ ಸಾಲಿದ್ದರೆ ಎರಡನೆಯದು ಮಾಯ! ಪದಸಂಗ್ರಹದ ಕಡತದಲ್ಲಿ ಹೀಗಾದರೆ ಕಳೆದುಹೋದದ್ದು ಏನೆಂದೂ ತಿಳಿಯುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಪಟ್ಟಿ ಮಾಡಿ.

ಮತ್ತೆ ಪದಕ್ಕೆ ಬರುತ್ತೇನೆ. ಆ ಮೇಷ್ಟ್ರು ಗುಂಡಿಯನ್ನು ಒತ್ತದೆ ನನ್ನನ್ನು ಕೇಳಿದ ಪ್ರಶ್ನೆ ಹೀಗಿತ್ತು: “ನಾವು ಯಾವ ಯಾವ ಊರಿಗೆ ಹೋಗಿದ್ದೇವೆ, ಹೇಳು.” ಉತ್ತರವಾಗಿ ಯಾರೂ ‘ಬಾಣಾವರ, ಜಾವಗಲ್, ಬಾಣಾವರ’ ಎನ್ನುವುದಿಲ್ಲ. ‘ಯಾವ ಯಾವ’, ‘ಯಾರ್ಯಾರು’, ‘ಏನೇನು’ ಎಂದು ಕೇಳಿದರೆ ಒಂದನ್ನು ಒಂದೇ ಸಲ ಹೇಳಬೇಕೆಂಬುದು ಮಗುವಿಗೂ ಗೊತ್ತು. ಪುನರಾವರ್ತನೆ ಇಲ್ಲದ ಪಟ್ಟಿಯನ್ನು ಕನ್ನಡ ಕೇಳುವುದು ಪದವನ್ನೇ ಎರಡು ಸಲ ಹೇಳಿ! ನಮ್ಮ ವ್ಯಾಕರಣದ ದ್ವಿರುಕ್ತಿ ಇಷ್ಟು ಕೆಲಸ ಮಾಡುತ್ತಿರುವಾಗ ‘ಅನನ್ಯ’ದ ಹಂಗೇಕೆ ಎಂದು ಆ ದಿನ ನನಗೆ ಹೊಳೆಯಿತು. ಆದ್ದರಿಂದ ಗುಂಡಿಯ ಮೇಲೆ ಈಗ ‘ಬೇರೆ ಬೇರೆ ನಮೂದುಗಳನ್ನು ಪಟ್ಟಿ ಮಾಡು’ ಎಂದಿದೆ. ಮೇಷ್ಟ್ರು ಒತ್ತಿದರು.

ಗಣಿತ ಬಲ್ಲ ಸ್ನೇಹಿತರೊಬ್ಬರು ‘ಗಣಾಂಶ’ ಸೂಚಿಸಿದ್ದಾರೆ. ಗಣದಲ್ಲಿ ಒಂದು ಅಂಶವನ್ನು ಎರಡು ಸಲ ಬರೆದರೂ ಅದು ಒಂದೇ ಎಂಬ ನಿಯಮ ಇಲ್ಲಿಗೆ ಸರಿಯಾಗಿ ಹೊಂದುತ್ತದೆ, ಒಪ್ಪುತ್ತೇನೆ. ಆದರೆ ಶಾಲೆ ಬಿಟ್ಟು ಮೂವತ್ತು ವರ್ಷವಾದ ರೈತರೊಬ್ಬರು ನಮ್ಮ ಹಾಳೆ ತೆರೆದಾಗ ಅವರಿಗೆ ‘ಬೇರೆ ಬೇರೆ’ ತಿಳಿದಂತೆ ‘ಗಣಾಂಶ’ ತಿಳಿಯದು.

ನನಗೆ ಇನ್ನೂ ಬಗೆಹರಿಯದಿರುವುದು ಏಕವಚನ. ಪಟ್ಟಿ ಮುಗಿದ ಮೇಲೆ ‘3 ಬೇರೆ ಬೇರೆ ನಮೂದುಗಳಿವೆ’ ಎಂಬ ಸಂದೇಶ ಚೆನ್ನಾಗಿಯೇ ಇದೆ. ಆದರೆ ಎಲ್ಲ ಸಾಲುಗಳಲ್ಲೂ ಒಂದೇ ಊರಿದ್ದರೆ? ‘1 ಬೇರೆ ಬೇರೆ ನಮೂದು ಇದೆ’ ಎಂದು ಯಾರೂ ಬರೆಯಲಾರರು. ‘1 ಬೇರೆ ನಮೂದು’ ಎಂದರೆ ಮತ್ತಾವುದೋ ನಮೂದು ಎಂದಾಗುತ್ತದೆ. ದ್ವಿರುಕ್ತಿಗೆ ಬಹುತ್ವ ಅಂಟಿಕೊಂಡೇ ಇರುವುದರಿಂದ ಬಂದ ಕಷ್ಟ ಇದು. ಸದ್ಯಕ್ಕೆ ಆ ಸಂದರ್ಭದಲ್ಲಿ ಮಾತ್ರ ‘ಎಲ್ಲವೂ ಒಂದೇ ನಮೂದು’ ಎಂದು ತೋರಿಸುತ್ತಿದ್ದೇನೆ. ಆದರೆ ವಿವರಣೆಯ ವಾಕ್ಯಗಳಲ್ಲಿ ‘ಪ್ರತಿಯೊಂದು ಯುನೀಕ್ ನಮೂದಿನ ಎದುರು ಅದರ ಎಣಿಕೆ ಇರುತ್ತದೆ’ ಎಂಬಂಥ ಕಡೆ ಏನು ಬರೆಯುವುದು? ನಿಘಂಟುಕಾರರ ‘ಮುಖ್ಯೋಲ್ಲೇಖ’ವನ್ನು ಸಡಿಲಿಸಿ ‘ಮುಖ್ಯ ನಮೂದು’ ಎನ್ನಬಹುದೇ, ಅಥವಾ ಅದು ಉಳಿದವನ್ನು ಅಮುಖ್ಯ ಮಾಡಿಬಿಡುತ್ತದೆಯೇ? ಕರಾವಳಿಯವರು, ಧಾರವಾಡ, ಕಲಬುರಗಿ ಕಡೆಯವರು ಲೆಕ್ಕದ ಪುಸ್ತಕ ನೋಡಿ ಹೆಸರುಗಳನ್ನು ಒಂದೊಂದೇ ಸಲ ಬರೆದುಕೊಳ್ಳುವ ಕೆಲಸಕ್ಕೆ ಮನೆಯಲ್ಲಿ, ಅಂಗಡಿಯಲ್ಲಿ ಏನೆನ್ನುತ್ತಾರೆ ಎಂದು ತಿಳಿಯುವ ಆಸೆಯೂ ಇದೆ.

ತಡವಾಗಿ ಬಂದ ಸಲಹೆಗೂ ಜಾಗವಿದೆ. ಮ್ಯಾಕ್ರೋ ಬರೆಯುವ ಕಿಟಕಿಯಲ್ಲಿ ಕನ್ನಡ ಅಕ್ಷರ ನಿಲ್ಲುವುದಿಲ್ಲ, ಅಂಟಿಸಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ಅದಕ್ಕಾಗಿ ಕನ್ನಡದ ಎಲ್ಲ ಮಾತುಗಳನ್ನೂ ‘ಪದಗಳು’ ಎಂಬ ಪ್ರತ್ಯೇಕ ಹಾಳೆಯಲ್ಲಿಟ್ಟು ಮ್ಯಾಕ್ರೋ ಅಲ್ಲಿಂದ ಓದಿಕೊಳ್ಳುವಂತೆ ಮಾಡಿದ್ದೇನೆ. ಏಕವಚನದ ಪದಕ್ಕೆ ಮೀಸಲಾದ ಮನೆ ಅದರ ನಾಲ್ಕನೆಯ ಸಾಲಿನಲ್ಲಿದೆ, ಇನ್ನೂ ಖಾಲಿಯಿದೆ.