ಉಡುಪಿಯ ಅಂಗಳಕ್ಕೆ ಕೆನಡಾದ ಕಾಂಕ್ರೀಟ್ ಬೇಕಾ?

ಪ್ರಶ್ನೆ:
ಮಲ್ಪೆ ಹತ್ತಿರ ನಮ್ಮ ಮನೆ. ಅಂಗಳಕ್ಕೆ ಕಾಂಕ್ರೀಟ್ ಹಾಕಿಸಬೇಕು. ಕೆನಡಾದಲ್ಲಿರುವ ತಮ್ಮ, "ಗಾಳಿಗುಳ್ಳೆ ಇರುವ ಮಿಕ್ಸ್ ಹಾಕಿಸು, ಇಲ್ಲಿ ಫುಟ್‌ಪಾತ್‌ಗೆಲ್ಲ ಅದೇ" ಅನ್ನುತ್ತಾನೆ. ನಮಗೂ ಬೇಕಾ?

ಉತ್ತರ 1:
ಬೇಡ. ನಾನು ಎಂಟು ವರ್ಷ ಟೊರೊಂಟೊದಲ್ಲಿ ಇದೇ ಕೆಲಸ ಮಾಡಿದವನು, ಈಗ ಕಾಪುವಿನಲ್ಲಿದ್ದೇನೆ. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ. ಒಳಗೆ ಜಾಗ ಇಲ್ಲದಿದ್ದರೆ ಕಾಂಕ್ರೀಟಿನ ಮೇಲ್ಭಾಗ ಸಿಪ್ಪೆಯ ಹಾಗೆ ಏಳುತ್ತದೆ. ಹಿಮ ಕರಗಿಸಲು ಉಪ್ಪು ಹಾಕುವುದರಿಂದ ಹಾನಿ ಇನ್ನೂ ಜಾಸ್ತಿ. ಅದಕ್ಕೇ ಅಲ್ಲಿ 5ರಿಂದ 8% ಗಾಳಿ ಸೇರಿಸುತ್ತಾರೆ, ತೀರಾ ಸಣ್ಣ ಸಣ್ಣ ಗುಳ್ಳೆಗಳು. ಆದರೆ ಗಾಳಿ ಹೆಚ್ಚಿದಷ್ಟೂ ಬಲ ಕಡಿಮೆ. ಹಿಮವೇ ಬೀಳದ ಊರಲ್ಲಿ ಸುಮ್ನೆ ಯಾಕೆ?

ನಮ್ಮ ಚಿಂತೆ ಮಳೆಯದ್ದು ಅಲ್ವಾ. 10 ಅಡಿಗೆ 2 ಇಂಚು ಇಳಿಜಾರು ಕೊಡಿಸಿ. ಮಿಕ್ಸ್‌ಗೆ ಜಾಸ್ತಿ ನೀರು ಸುರಿಯಲು ಬಿಡಲೇಬೇಡಿ. ಏಳು ದಿನ ಗೋಣಿ ಹೊದಿಸಿ ಒದ್ದೆ ಇಡಿ.

ಉತ್ತರ 2:
ನುಣ್ಣಗೆ ಮಾಡಿಸಬೇಡಿ ಮಾರಾಯ್ರೆ. ಆಟಿ ತಿಂಗಳ ಮಳೆಯಲ್ಲಿ ಪಾಚಿ ಹಿಡಿದು ನಮ್ಮ ಅಮ್ಮ ಜಾರಿ ಬಿದ್ದರು. ಹಸಿ ಇರುವಾಗಲೇ ಹಿಡಿಸೂಡಿ ಎಳೆದು ಒರಟು ಮಾಡಿಸಿ.

ಪ್ರಶ್ನೆ ಕೇಳಿದವರು:
ಕಬ್ಬಿಣ ಹಾಕಿಸಲಾ?

ಉತ್ತರ 1:
ನಡೆದಾಡುವ ಅಂಗಳಕ್ಕೆ ಬೇಡ. ಕಡಲ ಉಪ್ಪಿಗೆ ತುಕ್ಕು ಹಿಡಿದು ಉಬ್ಬಿದರೆ ಅದೇ ಕಾಂಕ್ರೀಟನ್ನು ಒಡೆಯುತ್ತದೆ. 4 ಇಂಚು ದಪ್ಪಕ್ಕೆ, ಎಲ್ಲೆಂದರಲ್ಲಿ ಬಿರುಕು ಬಿಡದ ಹಾಗೆ, 8 ಅಡಿಗೊಂದು ಸೀಳು ಕೊಡಿಸಿ, ಸಾಕು.