15 ಸಾವಿರ ಡಾಲರಿಗೆ ಹಳೇ ಮೋಟಾರ್‌ಹೋಮ್, ತಗೋಬಹುದಾ?

ಡಲ್ಲಾಸ್ ಕನ್ನಡಿಗ:
ಬೇಸಿಗೆಗೆ ಅಪ್ಪ ಅಮ್ಮ ಬರುತ್ತಿದ್ದಾರೆ, ಗ್ರ್ಯಾಂಡ್ ಕ್ಯಾನ್ಯನ್ ತೋರಿಸಬೇಕು ಅಂತ ತುಂಬಾ ಆಸೆ. ಅಮ್ಮನಿಗೆ ಮಂಡಿನೋವು, ಗಾಡಿಯಲ್ಲೇ ಬಾತ್‌ರೂಮ್ ಇದ್ದರೆ ನಿಶ್ಚಿಂತೆ. 2003ರ ಕ್ಲಾಸ್ ಸಿ ಮೋಟಾರ್‌ಹೋಮ್ (ಡ್ರೈವರ್ ತಲೆ ಮೇಲೂ ಮಂಚ ಇರುವ, ಮನೆಯಂಥ ಗಾಡಿ) ಒಂದು ಸಿಕ್ಕಿದೆ, ಫೋರ್ಡ್ ಇ-450 ವ್ಯಾನಿನ ಚಾಸಿ ಮೇಲೆ ಕಟ್ಟಿದ್ದು, 62 ಸಾವಿರ ಮೈಲಿ ಓಡಿದೆ. 15 ಸಾವಿರ ಹೇಳುತ್ತಿದ್ದಾರೆ, ನನ್ನ ಹತ್ತಿರ ಇರೋದೂ ಅಷ್ಟೇ. ಏನೇನು ನೋಡಬೇಕು?

ಹೆದ್ದಾರಿ ಹಕ್ಕಿ:
ಮೈಲಿ ಆಮೇಲೆ, ಮೊದಲು ನೀರು ಸೋರಿದೆಯಾ ನೋಡಿ. ಡ್ರೈವರ್ ತಲೆ ಮೇಲಿರುವ ಮಂಚದ ಹಾಸಿಗೆ ಎತ್ತಿ ಮೂಲೆಗಳನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ. ಮೆತ್ತಗಿದ್ದರೆ ಒಳಗಿನ ಮರ ಕೊಳೆತಿದೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನಾನು ಹೊಸ ವಾಲ್‌ಪೇಪರ್ ನೋಡಿ ಮರುಳಾಗಿ ತಗೊಂಡೆ, ಮೊದಲ ಮಳೆಗೇ ಕಂದು ಕಲೆ ಇಳಿಯಿತು, ಗೋಡೆ ಬಿಚ್ಚಿಸಿದರೆ ಮರ ಚಹಾದಲ್ಲಿ ಅದ್ದಿದ ರಸ್ಕ್ ಥರ ಪುಡಿಪುಡಿಯಾಗಿ ಕೈಗೆ ಬಂತು. ಏಣಿ ಹತ್ತಿ ಮೇಲ್ಛಾವಣಿಯ ಸಂದು ಮುಚ್ಚುವ ಸೀಲೆಂಟ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ.

ಟೆಕ್ಸಾಸ್ ಅಣ್ಣ:
ಟೈರ್ ಹೊಸದರಂತೆ ಕಂಡರೂ ನಂಬಬೇಡಿ. ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಅಂದರೆ 2016ರ 23ನೇ ವಾರ ಮಾಡಿದ್ದು. ಇಂಥ ಗಾಡಿಗಳು ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ, ರಬ್ಬರ್ ಸುಮ್ನೆ ನಿಂತೇ ಹಾಳಾಗುತ್ತದೆ. ಆರೂ ಟೈರ್ ಬದಲಾಯಿಸಬೇಕಾಗಬಹುದು, ಹಾಗಾಗಿ ಇರೋದನ್ನೆಲ್ಲಾ ಗಾಡಿಗೇ ಸುರಿಯಬೇಡಿ, ಮೂರು ಸಾವಿರವಾದರೂ ಕೈಯಲ್ಲಿಟ್ಟುಕೊಳ್ಳಿ. ಇದರ ಫ್ರಿಜ್ ಸಿಲಿಂಡರ್ ಗ್ಯಾಸ್ ಮೇಲೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಕೆಲಸ ಮಾಡುತ್ತದಾ ನೋಡಲು ನೀವು ಹೋಗುವ ಹಿಂದಿನ ರಾತ್ರಿಯೇ ಹಚ್ಚಿಡಲು ಮಾರುವವರಿಗೆ ಹೇಳಿ.

ಡಲ್ಲಾಸ್ ಕನ್ನಡಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಟಾರ್ಚ್, ಏಣಿ ಎರಡನ್ನೂ ತಗೊಂಡು ಹೋಗುತ್ತೇನೆ, ಬೆಲೆ 12 ಸಾವಿರಕ್ಕೆ ಇಳಿದರೆ ಮಾತ್ರ ಮಾತು.